ಜಮೀನಿನ ಪತ್ರ ಹುಡುಕುವುದು ಮತ್ತು ದಾಖಲು ಮಾಡಿಸುವುದು

ಬೀಜ, ಗೊಬ್ಬರ, ಕೀಟಗಳ ವಿಚಾರವಾಗಿ ತಾವು ಬೇಕಾದಷ್ಟು ಕೇಳಿದ್ದೀರಿ. ಇಂದು ಬೆಳೆಯ ಮಾತನ್ನು ಪಕ್ಕಕ್ಕಿಟ್ಟು, ಬೆಳೆ ನಿಂತಿರುವ ಭೂಮಿಯ ಕಾಗದಪತ್ರದ ಮಾತನ್ನು ಆಡೋಣ. ಇದು ವಕೀಲರ ವಿಚಾರ, ನಮಗೇಕೆ ಅನ್ನಬೇಡಿ. ರಾಗಿಯನ್ನು ಬೆಂಬಲ ಬೆಲೆಗೆ ಕೊಡಬೇಕಾದರೂ, ಹನಿ ನೀರಾವರಿಗೆ ಸಹಾಯಧನ ಪಡೆಯಬೇಕಾದರೂ, ಸೊಸೈಟಿಯಲ್ಲಿ ಬೆಳೆಸಾಲ ಎತ್ತಬೇಕಾದರೂ ಮೊದಲು ನೋಡುವುದು ಪಹಣಿಯನ್ನು. ಅದರಲ್ಲಿಯೂ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ, ಒಂದೊಂದು ಗುಂಟೆಗೂ ಬೆಲೆ ಬಂದಿದೆ. ಬೆಲೆ ಬಂದ ಕಡೆ ತಕರಾರೂ ಬರುತ್ತದೆ. ರಸ್ತೆಗೋ ಕಾರ್ಖಾನೆಗೋ ಜಮೀನು ಹೋಯಿತೆನ್ನಿ, ನೋಟೀಸು ಮೊದಲು ಹುಡುಕಿಕೊಂಡು ಹೋಗುವುದು ದಾಖಲೆಯಲ್ಲಿ ಹೆಸರಿರುವವರನ್ನು, ನೇಗಿಲು ಹಿಡಿದವರನ್ನಲ್ಲ.

ಮೊದಲನೆಯದಾಗಿ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ನಿಮ್ಮ ಜಮೀನಿಗೆ ಎರಡು ಕಡೆ ಲೆಕ್ಕ ಉಂಟು. ಒಂದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಕ್ರಯಪತ್ರ, ದಾನಪತ್ರ, ಪಾಲುಪತ್ರ, ಹಕ್ಕುಬಿಡುಗಡೆ ಪತ್ರ, ಆಧಾರ ಪತ್ರ ಇವೆಲ್ಲ ಅಲ್ಲಿ ದಾಖಲಾಗುತ್ತವೆ. ಇನ್ನೊಂದು, ತಾಲ್ಲೂಕು ಕಚೇರಿಯಲ್ಲಿ. ಪಹಣಿ, ಖಾತೆ ಬದಲಾವಣೆಯ ರಿಜಿಸ್ಟರು, ಸರ್ವೆ ನಕ್ಷೆ ಇವೆಲ್ಲ ಕಂದಾಯ ಇಲಾಖೆಗೆ ಸೇರಿದವು. ಪತ್ರ ಹಕ್ಕನ್ನು ಕೊಡುತ್ತದೆ, ಪಹಣಿ ಆ ಹಕ್ಕನ್ನು ಊರಿಗೆ ತೋರಿಸುತ್ತದೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿಯೂ ಆಮೇಲೆಯೂ ಹೇಳಿದೆ. ಹಾಗೆಂದು ಪಹಣಿ ಬೇಡವೆ? ಬೇಕೇ ಬೇಕು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಪ್ರಕಾರ, ತಪ್ಪೆಂದು ರುಜುವಾತಾಗುವ ತನಕ ಅದರಲ್ಲಿ ಬರೆದದ್ದೇ ನಿಜ ಎಂದು ಭಾವಿಸತಕ್ಕದ್ದು. ಆದುದರಿಂದ ಎರಡು ಕಡೆಯ ಲೆಕ್ಕವೂ ಒಂದಕ್ಕೊಂದು ತಾಳೆಯಾಗಬೇಕು.

ತಾಳೆಯಾಗದಿದ್ದರೆ ಏನಾಗುತ್ತದೆ? ಉದಾಹರಣೆಗೆ ಒಂದು ಮನೆಯನ್ನು ತೆಗೆದುಕೊಳ್ಳೋಣ. 1972ರಲ್ಲಿ ತಾತ ಎರಡು ಎಕರೆ ಹತ್ತು ಗುಂಟೆ ಹೊಲವನ್ನು ಕ್ರಯಕ್ಕೆ ಕೊಂಡ. ಪತ್ರ ರಿಜಿಸ್ಟರಾಯಿತು. ಪತ್ರ ಪೆಟ್ಟಿಗೆ ಸೇರಿತು, ಎಲ್ಲಾ ಮುಗಿಯಿತು ಎಂದುಕೊಂಡ. ಖಾತೆ ಮಾಡಿಸಲಿಲ್ಲ. ಮೂರು ತಲೆಮಾರು ಉತ್ತು ಬಿತ್ತಿದ್ದಾಯಿತು. ಪಹಣಿಯಲ್ಲಿ ಮಾತ್ರ ಮಾರಿದವನ ಹೆಸರೇ ಉಳಿಯಿತು. ಅವನು ತೀರಿಕೊಂಡ ಮೇಲೆ ಅವನ ಮೊಮ್ಮಕ್ಕಳು ಪೌತಿ ಖಾತೆ ಮಾಡಿಸಿಕೊಂಡು, ಪಹಣಿ ತೋರಿಸಿ, ಪಟ್ಟಣದ ಯಾರಿಗೋ ಮಾರಿಬಿಟ್ಟರು. ಈಗ ಹೊಲದ ಮೇಲೆ ಇಬ್ಬರು ನಿಂತಿದ್ದಾರೆ. ಒಮ್ಮೆ ಮಾರಿದ್ದನ್ನು ಎರಡನೆಯ ಸಲ ಮಾರಲು ಬಾರದು, ತಾತನ ಪತ್ರವೇ ಮೊದಲಿನದು, ನಿಜ. ಆದರೆ ಅದನ್ನು ಸ್ಥಾಪಿಸುವುದಕ್ಕೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ಓಡಾಡಬೇಕು. ಆಗ ಒಂದು ದಿನ ತಾಲ್ಲೂಕು ಕಚೇರಿಗೆ ಹೋಗಿ ಬಂದಿದ್ದರೆ ಈ ಸಂಕಟ ತಪ್ಪುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗಾಗಬಾರದು, ಅಲ್ಲವೆ?

ಸರಿ, ಹುಡುಕುವ ಕ್ರಮವನ್ನು ನೋಡೋಣ.

ಮೊದಲು ಇವತ್ತಿನ ಪಹಣಿಯನ್ನು ತೆಗೆಸಿ. ನಾಡಕಚೇರಿಯಲ್ಲಿ, ತಾಲ್ಲೂಕಿನ ಭೂಮಿ ಕೇಂದ್ರದಲ್ಲಿ ಸಿಕ್ಕುತ್ತದೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಮೊಬೈಲಿನಲ್ಲಿಯೇ ನೋಡಬಹುದು. 9ನೆಯ ಕಾಲಂನಲ್ಲಿ ಖಾತೆದಾರರ ಹೆಸರು, ವಿಸ್ತೀರ್ಣ, ಖಾತೆ ನಂಬರು ಇರುತ್ತವೆ. 10ನೆಯ ಕಾಲಂನಲ್ಲಿ ಆ ಹೆಸರು ಯಾವ ರೀತಿಯಲ್ಲಿ ಬಂತು ಎಂಬುದು, ಅಂದರೆ ಖಾತೆ ಬದಲಾವಣೆಯ ನಂಬರು, ಇರುತ್ತದೆ. ನಿಮಗೆ ಹಿಂದಕ್ಕೆ ಹೋಗಲು ದಾರಿ ತೋರಿಸುವುದು ಈ ನಂಬರೇ. 11ನೆಯ ಕಾಲಂನಲ್ಲಿ ಸಾಲ, ಇತರರ ಹಕ್ಕು ಮುಂತಾದವು. ಸಾಲ ತೀರಿಸಿ ವರ್ಷಗಳಾದರೂ ಬ್ಯಾಂಕಿನ ಹೆಸರು ಅಲ್ಲಿಯೇ ಕುಳಿತಿದ್ದರೆ, ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ತೆಗೆಸಿಹಾಕಿ.

ಇದಾದ ಮೇಲೆ ಆ ನಂಬರು ಹಿಡಿದು ಖಾತೆ ಬದಲಾವಣೆಯ ನಕಲನ್ನು ಕೇಳಿ. ಕ್ರಯದಿಂದ ಬಂದದ್ದಾದರೆ ಪತ್ರದ ನಂಬರೂ ತಾರೀಖೂ ಅದರಲ್ಲಿ ಸಿಕ್ಕುತ್ತವೆ. ಭೂಮಿ ಯೋಜನೆಯಲ್ಲಿ 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದಕ್ಕೂ ಹಿಂದಿನ ಕೈಬರಹದ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ ಅರ್ಜಿ ಕೊಡಬೇಕು. ಕೈಬರಹದ್ದನ್ನೂ ಕಂಪ್ಯೂಟರಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಸರಿನ ಅಕ್ಷರ, ತಂದೆಯ ಹೆಸರು, ಗುಂಟೆ ಲೆಕ್ಕ ಇವುಗಳಲ್ಲಿ ಏರಿಸುವಾಗಿನ ತಪ್ಪಿದ್ದರೆ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿ. ಅಲ್ಲಿ ಋಣಭಾರ ಪತ್ರ, ನಾವೆಲ್ಲ ಇಸಿ ಅನ್ನುತ್ತೇವಲ್ಲ, ಅದಕ್ಕೆ ಅರ್ಜಿ ಹಾಕಿ. ಕೇಳಿದ ಅವಧಿಯಲ್ಲಿ ಆ ಸರ್ವೆ ನಂಬರಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ಅದು ಪಟ್ಟಿಮಾಡಿ ತೋರಿಸುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. 2004ರ ಏಪ್ರಿಲ್ 1ರಿಂದ ಈಚೆಗಿನದು ಕಾವೇರಿ ತಂತ್ರಾಂಶದಲ್ಲಿ ಸಿಕ್ಕುತ್ತದೆ. ಅದಕ್ಕೂ ಹಿಂದಿನದನ್ನು ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ಆ ಪುಸ್ತಕಗಳಿಗೆ ಎರಡು ಬಗೆಯ ಸೂಚಿ ಉಂಟು: ಒಂದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಪ್ರಕಾರ, ಇನ್ನೊಂದು ಸ್ವತ್ತಿನ ಪ್ರಕಾರ. ಆದುದರಿಂದ ಹೋಗುವಾಗ ಊರು, ಹೋಬಳಿ, ಸರ್ವೆ ನಂಬರು, ತಾತ-ಮುತ್ತಾತಂದಿರ ಹೆಸರು, ಅಂದಾಜು ವರ್ಷ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ವರ್ಷದಲ್ಲಿ ನಿಮ್ಮ ಊರು ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಸೇರಿತ್ತೆಂಬುದನ್ನೂ ವಿಚಾರಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಪೋಡಿಯಾದ ಮೇಲೆ ನಂಬರು ಬದಲಾಗಿರುತ್ತದೆ. ಇಂದು 42/5 ಆಗಿರುವುದು ಹಿಂದೆ 42/2 ಆಗಿದ್ದಿರಬಹುದು, ಅದಕ್ಕೂ ಹಿಂದೆ ಬರೀ 42. ಹೊಸ ನಂಬರಿಗೆ ಮಾತ್ರ ಇಸಿ ತೆಗೆಸಿ, ಏನೂ ಇಲ್ಲ ಎಂದು ನೆಮ್ಮದಿಯಾಗಬೇಡಿ. ಹಳೆಯ ನಂಬರುಗಳಿಗೂ ತೆಗೆಸಿ. ಇನ್ನೂ ಒಂದು ಮಾತು: ನೋಂದಣಿಯಾಗದ ಪಾಲು, ಬಾಯಿಮಾತಿನ ಭೋಗ್ಯ, ಕೋರ್ಟಿನಲ್ಲಿರುವ ದಾವೆ ಇವು ಇಸಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಇವನ್ನು ಊರಿನಲ್ಲಿ ಹಿರಿಯರ ಹತ್ತಿರ ವಿಚಾರಿಸಿಯೇ ತಿಳಿಯಬೇಕು.

ಪತ್ರ ಕಳೆದುಹೋಗಿದೆ, ಗೆದ್ದಲು ತಿಂದಿದೆ, ಜಮೀನೇ ಹೋಯಿತೋ ಏನೋ ಎಂದು ಎಷ್ಟೋ ಮಂದಿ ಎದೆ ಒಡೆದುಕೊಳ್ಳುತ್ತಾರೆ. ಹಾಗೆ ಹೆದರಬೇಕಾಗಿಲ್ಲ. ರಿಜಿಸ್ಟರಾದ ಪತ್ರದ ಪ್ರತಿ ಕಚೇರಿಯ 1ನೆಯ ಪುಸ್ತಕದಲ್ಲಿ ಇರುತ್ತದೆ. 1908ರ ನೋಂದಣಿ ಕಾಯಿದೆಯ ಪ್ರಕಾರ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅದರ ದೃಢೀಕೃತ ನಕಲು ಪಡೆಯಬಹುದು. ಮೂಲ ಪತ್ರದಲ್ಲಿ ಏನು ಬರೆದಿತ್ತು ಎಂಬುದಕ್ಕೆ ಆ ನಕಲು ಕೋರ್ಟಿನಲ್ಲಿಯೂ ನಡೆಯುತ್ತದೆ.

ಎಲ್ಲಾ ಜಮೀನಿಗೂ ಕ್ರಯಪತ್ರ ಇರಲೇಬೇಕೆಂದೇನೂ ಇಲ್ಲ. ದರಖಾಸ್ತಿನಲ್ಲಿ ಬಂದದ್ದಾದರೆ ಸಾಗುವಳಿ ಚೀಟಿ ಮೂಲ. ಗೇಣಿದಾರನಾಗಿ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ನಮೂನೆ 7ರಲ್ಲಿ ಅರ್ಜಿ ಹಾಕಿ ಪಡೆದದ್ದಾದರೆ, ಭೂನ್ಯಾಯ ಮಂಡಲಿಯ ತೀರ್ಪೂ ನಮೂನೆ 10ರ ಪ್ರಮಾಣಪತ್ರವೂ ಮೂಲ. ಇನಾಮು ರದ್ದಾದ ಊರುಗಳಲ್ಲಿ ಆ ಸಂಬಂಧದ ಆದೇಶ ಮೂಲ. ಇಂಥವನ್ನು ಹುಡುಕಬೇಕಾದದ್ದು ತಾಲ್ಲೂಕಿನ ರೆಕಾರ್ಡು ರೂಮಿನಲ್ಲಿ. ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಇಡುವ ಭೂ ಸುರಕ್ಷಾ ಎಂಬ ಕೆಲಸ 2024ರಲ್ಲಿ ಶುರುವಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯಿದೆಯ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ಕೊಳ್ಳುವವರೂ ಮಾರುವವರೂ ಇದನ್ನು ಮರೆಯತಕ್ಕದ್ದಲ್ಲ.

ಇನ್ನು ಹೊಸದಾಗಿ ಪತ್ರ ಮಾಡಿಸುವವರಿಗೆ ನಾಲ್ಕು ಮಾತು.

ಒಂದು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ರಿಜಿಸ್ಟರು ಆಗಲೇಬೇಕು. ಬರೀ ಕರಾರು ಪತ್ರ, ಜಿ.ಪಿ.ಎ. ಇವುಗಳ ಮೇಲೆ ಹಣ ಕೊಟ್ಟು ಜಮೀನು ಕೊಂಡೆವು ಅನ್ನುವವರು ಕೊಂಡಂತಾಗಲಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪತ್ರ ಬರೆದು ಸಹಿಯಾದ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ತಕ್ಕ ಕಾರಣವಿದ್ದರೆ ದಂಡ ಕಟ್ಟಿಸಿಕೊಂಡು ಇನ್ನು 4 ತಿಂಗಳವರೆಗೆ ಅವಕಾಶ ಕೊಡುವುದುಂಟು.

ಎರಡು. ಒಂದು ನಂಬರಿನಲ್ಲಿ ಭಾಗ ಮಾತ್ರ ಕೊಳ್ಳುವುದಾದರೆ ಸರ್ವೆ ಮಾಡಿಸಿ 11-ಇ ನಕ್ಷೆ ಪಡೆಯಬೇಕು. ಪತ್ರದಲ್ಲಿ ಚೆಕ್ಕುಬಂದಿಯನ್ನು ಗಟ್ಟಿಯಾಗಿ ಓದಿಸಿ ಕೇಳಿ: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವುದು, ಉತ್ತರ, ದಕ್ಷಿಣ. ಹೊಲದ ಬದುವಿನ ಮೇಲೆ ನಿಂತು ನೋಡಿದ ಹಾಗೆಯೇ ಕಾಗದದಲ್ಲಿಯೂ ಇರಬೇಕು. ಬಾವಿ, ದಾರಿ, ಖರಾಬು ಇವನ್ನು ಬಿಡಬೇಡಿ.

ಮೂರು. 2023ರಲ್ಲಿ ಬಂದ ಕಾವೇರಿ 2.0 ಪದ್ಧತಿಯಲ್ಲಿ ಪತ್ರದ ಕರಡನ್ನು ಮೊದಲೇ ಕಳುಹಿಸಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಗೊತ್ತಾದ ಹೊತ್ತಿಗೆ ಹೋದರೆ ಸಾಕು. 2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿಗೆ ಅವಕಾಶವಾಗಿದೆ. ಶುಲ್ಕ ಆಗಾಗ್ಗೆ ಬದಲಾಗುತ್ತದೆ, ಕಚೇರಿಯಲ್ಲಿಯೇ ಕೇಳಿ ತಿಳಿಯಿರಿ. ಯಾರ ಕೈಗೆ ಹಣ ಕೊಟ್ಟರೂ ರಸೀದಿ ಕೇಳುವುದನ್ನು ಬಿಡಬೇಡಿ.

ನಾಲ್ಕು, ಇದೇ ಮುಖ್ಯ. ರಿಜಿಸ್ಟರಾದೊಡನೆ ಕೆಲಸ ಮುಗಿಯಲಿಲ್ಲ. ರಿಜಿಸ್ಟ್ರಾರ್ ಕಚೇರಿಯಿಂದ ಜೆ-ಸ್ಲಿಪ್ ಎಂಬ ತಿಳಿವಳಿಕೆ ಕಂಪ್ಯೂಟರಿನ ಮೂಲಕ ತಾಲ್ಲೂಕಿಗೆ ಹೋಗುತ್ತದೆ. ಖಾತೆ ಬದಲಾವಣೆ ಶುರುವಾಗುವುದು ಅದರಿಂದ. ತಕರಾರು ಬಂದರೆ ವಿಚಾರಣೆ, ಬಾರದಿದ್ದರೆ ಹೊಸ ಹೆಸರು. ಹೋಗುತ್ತದೆ ಅಂತ ಸುಮ್ಮನೆ ಕೂರಬೇಡಿ. ಒಂದೆರಡು ತಿಂಗಳಲ್ಲಿ ಹೊಸ ಪಹಣಿ ತೆಗೆಸಿ, ನಿಮ್ಮ ಹೆಸರು, ಗುಂಟೆ, ಸರಿಯಾಗಿ ಬಂದಿದೆಯೇ ಕಣ್ಣಾರೆ ನೋಡಿ. ನಿಮಗೆ ವಿರೋಧವಾದ ಆದೇಶವಾಗಿದ್ದರೆ ಅದು ತಿಳಿದ 60 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ, ಅಂದರೆ ಎ.ಸಿ.ಯವರಿಗೆ, ಮೇಲ್ಮನವಿ ಕೊಡಬಹುದು.

ಕೊನೆಯದಾಗಿ ಮನೆಯೊಳಗಿನ ಮಾತು. ಪಹಣಿಯಲ್ಲಿ ತೀರಿಕೊಂಡವರ ಹೆಸರೇ ಇರುವ ಮನೆಗಳು ಬಹಳ. ಖಾತೆದಾರರು ತೀರಿಕೊಂಡರೆ ವಾರಸುದಾರರು 3 ತಿಂಗಳೊಳಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ತಡವಾಗಿದ್ದರೂ ಮರಣ ಪತ್ರ, ವಂಶವೃಕ್ಷ ಇವನ್ನು ಇಟ್ಟು ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಹೆಸರು ಬಿಟ್ಟು ಮಾಡಿದ ಖಾತೆ ನಾಳೆ ಅಕ್ಕತಂಗಿಯರ ದಾವೆಗೆ ಬೀಜ ಬಿತ್ತಿದ ಹಾಗೆ. ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಟ್ಟಿಗೆ ಕುಳಿತು, ಒಪ್ಪಿ, ಪಾಲುಪತ್ರವನ್ನು ರಿಜಿಸ್ಟರು ಮಾಡಿಸಿಕೊಳ್ಳುವುದೇ ಲೇಸು. ತಕರಾರು ಬಂದರೆ ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಉಚಿತವಾಗಿ ವಕೀಲರು ಸಿಕ್ಕುತ್ತಾರೆ.

ಹಾಗಾದರೆ ಈ ವಾರವೇ ಒಂದು ಕೆಲಸ ಮಾಡಿ. ಪೆಟ್ಟಿಗೆ ತೆರೆದು ಪತ್ರಗಳನ್ನು ಹೊರಗೆ ತೆಗೆಯಿರಿ. ಪತ್ರದ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಈ ಮೂರನ್ನೂ ಇವತ್ತಿನ ಪಹಣಿಯ ಜೊತೆ ತಾಳೆ ನೋಡಿ. ಸರಿಯಿದ್ದರೆ ಸಂತೋಷ. ಎಲ್ಲಿ ತಪ್ಪಿದೆಯೋ ಅಲ್ಲಿಂದ ಕೆಲಸ ಹಿಡಿಯಿರಿ. ಯಾವ ಪತ್ರ ಎಲ್ಲಿದೆ ಎಂಬುದನ್ನು ಮನೆಯಾಕೆಗೂ ಬೆಳೆದ ಮಕ್ಕಳಿಗೂ ತಿಳಿಸಿಡಿ.