ಹಳೆಯ ಕಂಪ್ಯೂಟರಿನ ಒಳದಾರಿ

ಕತ್ತಲಗೆರೆಯ ಕಡೆಯ ಗದ್ದೆಗಳಿಗೆ ಭದ್ರಾ ನಾಲೆಯ ನೀರು ಹರಿದುಬರುವುದನ್ನು ನೋಡಿದವರಿಗೆ ಒಂದು ಮಾತು ಗೊತ್ತು. ಜಲಾಶಯ ತುಂಬಿ ತುಳುಕುತ್ತಿದ್ದರೂ ಗದ್ದೆಗೆ ದಕ್ಕುವುದು ತೂಬಿನ ಬಾಯಿ ಬಿಟ್ಟಷ್ಟೇ ನೀರು. ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಹಳೆಯ ಕಂಪ್ಯೂಟರಿನ ಸಂಗತಿಯೂ ಹೀಗೆಯೇ. ಪ್ರೊಸೆಸರು ಎಷ್ಟೇ ಚುರುಕಾಗಿರಲಿ, ಚಿತ್ರ ತೆರೆಗೆ ಬರುವುದು ಒಂದು ಕಿರಿದಾದ ದಾರಿಯಿಂದ. ಈ ದಾರಿಯ ಹೆಸರು ಬಸ್. ಚನ್ನಗಿರಿಗೆ ಹೋಗುವ ಬಸ್ಸಲ್ಲ. ಪ್ರೊಸೆಸರಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಅಂಕಿಗಳನ್ನು ಒಯ್ಯುವ ತಂತಿಗಳ ಸಾಲು. ಯಂತ್ರವನ್ನು ಮಾರುವಾಗ ಅಂಗಡಿಯವರು ಪ್ರೊಸೆಸರಿನ ವೇಗವನ್ನೇ ಹೊಗಳುತ್ತಿದ್ದರು, ಇದರ ಸುದ್ದಿ ಎತ್ತುತ್ತಿರಲಿಲ್ಲ.

ಕನ್ನಡಿಗರಿಗಂತೂ ಇದು ಬರಿಯ ಕುತೂಹಲದ ಮಾತಾಗಿರಲಿಲ್ಲ. ಹಳೆಯ ಪಿ.ಸಿ.ಯ ತೆರೆಯಲ್ಲಿ ಇಂಗ್ಲಿಷ್ ಬರಹಕ್ಕೆ ೨೫ ಸಾಲು, ಸಾಲಿಗೆ ೮೦ ಅಕ್ಷರ. ಅಕ್ಷರಕ್ಕೊಂದು, ಅದರ ಬಣ್ಣಕ್ಕೊಂದು ಎಂದು ಎರಡೆರಡು ಬೈಟು ಕಳುಹಿಸಿದರೆ ೪,೦೦೦ ಬೈಟಿಗೆ ಪುಟ ತುಂಬಿತು. ಅಕ್ಷರದ ಆಕಾರವನ್ನು ಕಾರ್ಡೇ ಬಲ್ಲದು. ಒತ್ತು, ಗುಣಿತಗಳ ನಮ್ಮ ಲಿಪಿ ಆ ಚೌಕಟ್ಟಿಗೆ ಒಗ್ಗಲಿಲ್ಲ. ಅದನ್ನು ಚುಕ್ಕಿ ಚುಕ್ಕಿಯಾಗಿ ಚಿತ್ರದಂತೆಯೇ ಬರೆಯಬೇಕಾಯಿತು. ೧೯೮೨ರ ಹರ್ಕ್ಯುಲಿಸ್ ಕಾರ್ಡಿನಲ್ಲಿ ಅಡ್ಡಲಾಗಿ ೭೨೦, ಮೇಲಿನಿಂದ ಕೆಳಕ್ಕೆ ೩೪೮ ಚುಕ್ಕಿಗಳು. ಎಂಟು ಚುಕ್ಕಿಗೆ ಒಂದು ಬೈಟಿನಂತೆ ೩೧,೩೨೦ ಬೈಟು. ಅದೇ ದಾರಿಯ ಮೇಲೆ ಸುಮಾರು ಎಂಟು ಪಟ್ಟು ಹೊರೆ! ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು ಭಾರತೀಯ ಲಿಪಿಗಳನ್ನು ಚಿತ್ರಿಸುವ ಕೆಲಸವನ್ನು ತಾನೇ ವಹಿಸಿಕೊಂಡು ಈ ಹೊರೆಯನ್ನು ಇಳಿಸಿತು.

ದಾರಿಯ ವೇಗವನ್ನು ಅಳೆಯುವುದು ಹೇಗೆ? ತೂಬಿನ ಕೆಳಗೆ ಕೊಡ ಹಿಡಿದು ಗಡಿಯಾರ ನೋಡಿದ ಹಾಗೆ. ೧೯೮೭ರಲ್ಲಿ ಬಂದ ವಿ.ಜಿ.ಎ. ಕಾರ್ಡಿನಲ್ಲಿ ೩೨೦ಕ್ಕೆ ೨೦೦ ಚುಕ್ಕಿ, ೨೫೬ ಬಣ್ಣಗಳ ಒಂದು ತೆರೆಗೆ ಸರಿಯಾಗಿ ೬೪,೦೦೦ ಬೈಟು ಬೇಕು. ಇದೇ ನಮ್ಮ ಕೊಡ. ತೆರೆಯನ್ನು ಮತ್ತೆ ಮತ್ತೆ ತುಂಬಿಸುವ ಪುಟ್ಟ ಪ್ರೋಗ್ರಾಮನ್ನು ಹತ್ತು ಸೆಕೆಂಡು ಓಡಿಸಿ ಎಣಿಸಿರಿ. ೩೦೦ ಸಲ ತುಂಬಿದರೆ ಸೆಕೆಂಡಿಗೆ ೧೯,೨೦,೦೦೦ ಬೈಟು ಎಂದಾಯಿತು. ಹತ್ತು ಸೆಕೆಂಡೇ ಏಕೆಂದರೆ, ಪಿ.ಸಿ.ಯ ಒಳಗಡಿಯಾರ ಸೆಕೆಂಡಿಗೆ ೧೮.೨ ಸಲ ಮಾತ್ರ ಮಿಡಿಯುತ್ತದೆ. ಒಂದು ಮಿಡಿತ ತಪ್ಪಿದರೆ ಒಂದು ಸೆಕೆಂಡಿನ ಅಳತೆಯಲ್ಲಿ ನೂರಕ್ಕೆ ಐದರಷ್ಟು ದೋಷ. ಹತ್ತರಲ್ಲಿ ಅರೆಪಾಲು ಮಾತ್ರ.

ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು? ೧೯೮೧ರ ಐ.ಬಿ.ಎಂ. ಪಿ.ಸಿ.ಯ ದಾರಿಯ ಅಗಲ ಎಂಟು ಬಿಟ್ಟು. ಸೆಕೆಂಡಿಗೆ ೪೭ ಲಕ್ಷ ೭೦ ಸಾವಿರ ಬಡಿತ, ಒಂದು ಬೈಟಿನ ಪಯಣಕ್ಕೆ ನಾಲ್ಕು ಬಡಿತ. ಎಷ್ಟು ಹೆಣಗಿದರೂ ೧೨ ಲಕ್ಷ ಬೈಟು ದಾಟದು. ೧೯೯೨ರ ಪಿ.ಸಿ.ಐ. ದಾರಿಯ ಮೇಲ್ಮಿತಿ ೧೩ ಕೋಟಿಗೂ ಹೆಚ್ಚು. ಆದರೆ ಇವು ಕಾಗದದ ಮೇಲಿನ ಲೆಕ್ಕ. ಕಾರ್ಡು ಅದೇ ಹೊತ್ತಿನಲ್ಲಿ ತೆರೆಗೂ ಚಿತ್ರ ಉಣಿಸಬೇಕಾದ್ದರಿಂದ ಪ್ರೊಸೆಸರನ್ನು ಬಾಗಿಲಲ್ಲಿ ಕಾಯಿಸುತ್ತದೆ.

ಯಂತ್ರದಲ್ಲಿ ಟರ್ಬೊ ಗುಂಡಿಯಿದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಗುಂಡಿ ಒತ್ತಿ ಪ್ರೊಸೆಸರಿನ ವೇಗ ಇಳಿಸಿ, ಮತ್ತೊಮ್ಮೆ ಎಣಿಸಿರಿ. ಅಂಕಿ ಹೆಚ್ಚು ಕದಲದಿದ್ದರೆ ತಡೆ ಪ್ರೊಸೆಸರಿನಲ್ಲಿಲ್ಲ, ದಾರಿಯಲ್ಲೋ ಕಾರ್ಡಿನಲ್ಲೋ ಇದೆ. ಆಗ ಯಂತ್ರವನ್ನು ಆರಿಸಿ, ಗೋಡೆಯಿಂದ ಪ್ಲಗ್ಗು ಕಿತ್ತು, ಬೇರೊಂದು ಕಾರ್ಡು ಹಾಕಿ ನೋಡಬೇಕು. ಅಂಕಿ ಏರಿದರೆ ಹಳೆಯ ಕಾರ್ಡೇ ಮಂದ; ಏರದಿದ್ದರೆ ದಾರಿಯೇ ಅಷ್ಟು, ಹೊಸ ಪ್ರೊಸೆಸರಿಗೆ ಹಣ ಸುರಿದು ಫಲವಿಲ್ಲ.