ವೇಣುಗ್ರಾಮದವರು ಕಂಡ ಲಂಡನ್

ಪರದೇಶದ ಮಹಾಪಟ್ಟಣವೊಂದನ್ನು ಕುರಿತು ಬರೆಯಬೇಕಾದರೆ ಅಲ್ಲಿ ಆರು ತಿಂಗಳಾದರೂ ಇದ್ದಿರಬೇಕೆಂದು ಬಲ್ಲವರು ಹೇಳುತ್ತಾರೆ. ಮಾತು ನಿಜವೇ. ಆದರೂ ಮೊದಲ ದಿನಕ್ಕೆ ಅದರದೇ ಆದ ಬೆಲೆಯೊಂದಿದೆ. ಎರಡನೆಯ ದಿನದಿಂದ ಕಣ್ಣು ರೂಢಿಗೆ ಬೀಳತೊಡಗುತ್ತದೆ. ವಾರ ಕಳೆಯುವುದರೊಳಗೆ ಬೆರಗೆಲ್ಲ ತೀರಿ, ತರಕಾರಿಯ ಬೆಲೆಯಷ್ಟೇ ಉಳಿಯುತ್ತದೆ. ಮೊದಲ ದಿನವೊಂದರಲ್ಲಿ ಮಾತ್ರ, ನಾವು ಹೊಸ ಊರನ್ನು ನೋಡುತ್ತಿರುವಾಗ ನಮ್ಮ ಊರೂ ನಮ್ಮ ಹೆಗಲ ಮೇಲಿಂದ ಅದನ್ನು ಇಣಿಕಿ ನೋಡುತ್ತಿರುತ್ತದೆ.

ಬೆಳಗಾವಿಯ ಸದಾಶಿವನಗರದಲ್ಲಿ ಮೂವತ್ತು ವರ್ಷ ಸಂಸಾರ ಹೂಡಿದ ನಾವಿಬ್ಬರೂ ಮಗನನ್ನು ಕಾಣಲೆಂದು ಲಂಡನ್ನಿಗೆ ಹೋದದ್ದು 2024ರ ಮೇ ತಿಂಗಳ ಕೊನೆಯ ವಾರದಲ್ಲಿ. ಹಿಂದಿನ ರಾತ್ರಿ ಬಂದಿಳಿದಿದ್ದೆವು. ಮರುದಿನ ಶುಕ್ರವಾರ, ಮಗನಿಗೆ ಕಚೇರಿ. ನಮ್ಮಿಬ್ಬರ ಕೈಗೂ ಒಂದೊಂದು ಕಾರ್ಡು ಕೊಟ್ಟು, ರೈಲಿನ ನಕ್ಷೆಯನ್ನು ನನ್ನ ಜೇಬಿನಲ್ಲಿರಿಸಿ, "ಚಲಿಸುವ ಮೆಟ್ಟಿಲ ಮೇಲೆ ಬಲಗಡೆ ನಿಲ್ಲಿರಿ, ಎಡಗಡೆ ಅವಸರದವರಿಗೆ ಬಿಡಿರಿ" ಎಂದು ಹೇಳಿ ಅವನು ಹೊರಟುಹೋದನು.

ನಮ್ಮ ಬಯಕೆಗಳು ಎರಡು. ನನ್ನಾಕೆಗೆ ಥೇಮ್ಸ್ ನದಿಯ ದಂಡೆಯ ಮೇಲಿರುವ ಬಸವಣ್ಣನವರ ಪ್ರತಿಮೆಯನ್ನು ಕಾಣಬೇಕಾಗಿತ್ತು. ನನಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಬೇಕಾಗಿತ್ತು. ಅದಕ್ಕೆ ಕಾರಣ ಬೆಳಗಾವಿಯೇ.

ನಮ್ಮ ಕೋಟೆಯೊಳಗಿನ ಕಮಲ ಬಸದಿಯನ್ನು ನೋಡದ ಬೆಳಗಾವಿಗನಿಲ್ಲ. ಮುಖಮಂಟಪದ ಛತ್ತಿನಿಂದ ಇಳಿಬಿದ್ದ ಆ ಕಲ್ಲಿನ ಕಮಲದ ಕೆಳಗೆ ನಿಂತು ಕತ್ತೆತ್ತಿ ನೋಡಿ ಬರುತ್ತೇವೆ. ರಟ್ಟರ ಅರಸು ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರ ಸುಮಾರಿಗೆ ಅದನ್ನು ಕಟ್ಟಿಸಿದನೆಂಬುದನ್ನೂ ಬಲ್ಲೆವು. ಆಗ ಸವದತ್ತಿಯ ರಟ್ಟರು ನಮ್ಮ ಊರನ್ನು ರಾಜಧಾನಿ ಮಾಡಿಕೊಂಡಿದ್ದರು. ಊರಿನ ಹೆಸರು ವೇಣುಗ್ರಾಮ. ಆದರೆ ಬೀಚಿರಾಜನ ಜಿನಾಲಯಕ್ಕೆ ಕೊಟ್ಟ ದತ್ತಿಗಳನ್ನು ಬರೆದಿಟ್ಟ ಎರಡು ಶಾಸನಗಳು ಕಡಲು ದಾಟಿ ಹೋಗಿ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದ ಸಂಗತಿ ಬಹು ಜನಕ್ಕೆ ತಿಳಿಯದು. ಲಯೊನೆಲ್ ಬಾರ್ನೆಟ್ ಎಂಬ ವಿದ್ವಾಂಸರು ಅವನ್ನು 'ಎಪಿಗ್ರಾಫಿಯ ಇಂಡಿಕಾ'ದ ಹದಿಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ನಿವೃತ್ತಿಯಾದ ಮೇಲೆ ಅದನ್ನು ಓದಿದ ನನಗೆ, ಲಂಡನ್ನಿನಲ್ಲಿ ನಮ್ಮ ಊರಿನವರು ಯಾರೋ ಇದ್ದಾರೆಂಬ ಭಾವನೆ ಬಲಿತಿತ್ತು.

ಹೌನ್ಸ್ಲೋದಿಂದ ಪಿಕಡಿಲಿ ಮಾರ್ಗದ ರೈಲು ಹತ್ತಿದೆವು. ಜಗತ್ತಿನ ಮೊಟ್ಟಮೊದಲ ನೆಲದೊಳಗಿನ ರೈಲು ಓಡಿದ್ದು ಈ ಊರಿನಲ್ಲಿಯೇ, 1863ರಲ್ಲಿ. ಅಂದು ಉಗಿಯ ಎಂಜಿನುಗಳು ಸುರಂಗದ ತುಂಬ ಹೊಗೆಯುಗುಳುತ್ತಿದ್ದವಂತೆ. ಇಂದು ಹೊಗೆಯಿಲ್ಲ, ಮಾತೂ ಇಲ್ಲ. ನಮ್ಮ ಎದುರಿಗೆ ಕುಳಿತ ಹತ್ತು ಜನರಲ್ಲಿ ಹತ್ತು ಬಗೆಯ ಮುಖಗಳಿದ್ದವು. ಒಬ್ಬರೂ ಬಾಯಿ ತೆರೆಯಲಿಲ್ಲ. ಖಾನಾಪುರದ ಬಸ್ಸು ಹತ್ತಿದರೆ ಮಚ್ಛೆ ದಾಟುವುದರೊಳಗೆ ಪಕ್ಕದವರ ಮಗಳ ಮದುವೆಯ ಮಾತುಕತೆಯವರೆಗೆ ಬರುವ ನನ್ನಾಕೆಗೆ ಇದು ಅಸಹ್ಯವಾಯಿತು. "ಅಲ್ರೀ, ಇವರಿಗೆಲ್ಲಾ ಮನ್ಯಾಗ ಏನರೆ ಆಗೇತೇನು?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಹೊಬರ್ನ್ ನಿಲ್ದಾಣದಲ್ಲಿ ಇಳಿದು ನೋಡಿದರೆ, ಪಾತಾಳದಿಂದ ಭೂಲೋಕಕ್ಕೆ ಹಾಕಿದಂತಿದ್ದ ಉದ್ದನೆಯ ಮೆಟ್ಟಿಲು ತನ್ನಷ್ಟಕ್ಕೆ ತಾನೇ ಏರುತ್ತಿತ್ತು. ಮಗನ ಮಾತಿನಂತೆ ನಾನು ಬಲಕ್ಕೆ ಸರಿದು, ನನ್ನ ಹಿಂದಿನ ಮೆಟ್ಟಿಲನ್ನು ಅವಳಿಗೆ ತೋರಿಸಿದೆ. "ಮದವ್ಯಾದಾಗಿಂದ ನಿಮ್ಮ ಹಿಂದಽ ನಡದೇನಿ. ಇಲ್ಲೂ ಹಿಂದಽ ಏನು?" ಎನ್ನುತ್ತ ಅವಳು ನನಗಿಂತ ಮುಂದಿನ ಮೆಟ್ಟಿಲಿಗೆ ಹೋಗಿ ನಿಂತಳು. ಆ ದಿನವೆಲ್ಲ ನಕ್ಷೆ ನನ್ನ ಜೇಬಿನಲ್ಲಿಯೇ ಇತ್ತು. ದಾರಿಯನ್ನು ಕೇಳಿ ತಿಳಿಯುತ್ತ ಮುಂದೆ ನಡೆದವಳು ಅವಳು.

ಬ್ರಿಟಿಷ್ ಮ್ಯೂಸಿಯಮ್ಮಿಗೆ ಪ್ರವೇಶಶುಲ್ಕವಿಲ್ಲ. 1759ರಲ್ಲಿ ಜನಕ್ಕೆ ಬಾಗಿಲು ತೆರೆದ ಈ ಭಂಡಾರದಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ. ಪ್ರದರ್ಶನದಲ್ಲಿರುವವು ಸುಮಾರು 80 ಸಾವಿರ, ಎಂದರೆ ನೂರಕ್ಕೆ ಒಂದು. ಭಾರತದ ಶಿಲ್ಪಗಳಿರುವ ಮೂವತ್ತಮೂರನೆಯ ಅಂಗಣವನ್ನು ಎರಡು ಸಲ ಸುತ್ತಿದೆವು. ಗಾಜಿನ ಬಾಗಿಲಿನಾಚೆ ಅಮರಾವತಿಯ ಸ್ತೂಪದ ಬಿಳಿಯ ಕಲ್ಲುಗಳು ಸಾಲಾಗಿ ನಿಂತಿದ್ದವು. ನಮ್ಮ ಊರಿನ ಕಲ್ಲುಗಳು ಮಾತ್ರ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಒಂದು ಬೆಂಚಿನ ಮೇಲೆ ಕುಳಿತು, ಆ ಶಾಸನಗಳಲ್ಲಿ ಏನಿದೆಯೆಂಬುದನ್ನು ನೆನಪಿನಿಂದಲೇ ಅವಳಿಗೆ ಹೇಳಿದೆ.

ಅವುಗಳಲ್ಲಿ ನನಗೆ ಹೆಚ್ಚು ಹಿಡಿಸಿದುದು ಅರಸನ ಬಿರುದಾವಳಿಯಲ್ಲ, ಪೇಟೆಯ ವರ್ಣನೆ. ವೇಣುಗ್ರಾಮದ ವರ್ತಕರು ಸಭೆ ಸೇರಿ, ತಾವು ಮಾರುವ ಸರಕಿನ ಮೇಲೆ ಜಿನಾಲಯಕ್ಕೆ ಸಲ್ಲಿಸಬೇಕಾದ ಸುಂಕವನ್ನು ಒಪ್ಪಿಕೊಂಡರು. ಆ ಸಭೆಯಲ್ಲಿ ಊರಿನವರಷ್ಟೇ ಇರಲಿಲ್ಲ. ಗುಜರಾತದ ಕಡೆಯ ಲಾಳ ದೇಶದವರೂ ಮಲೆಯಾಳದವರೂ ಇದ್ದರು. ಎಂಟು ನೂರು ವರ್ಷಗಳ ಹಿಂದೆ, ಭಾಷೆ ತಿಳಿಯದ ನಮ್ಮ ಪೇಟೆಯೊಳಗೆ ಮೊದಲ ದಿನ ಕಾಲಿಟ್ಟು, ಕಕ್ಕಾವಿಕ್ಕಿಯಾಗಿ ಸುತ್ತ ನೋಡಿದ ಮಲೆಯಾಳದ ವರ್ತಕನೊಬ್ಬನಿದ್ದನು! ಅವನಿಗೆ ವೇಣುಗ್ರಾಮವೇ ಲಂಡನ್ನು. ಕೆಲವು ಕಾಲ ಕಳೆಯುವುದರೊಳಗೆ ಅವನು ಆ ಊರಿನ ಗುಡಿಗೆ ಸುಂಕ ಕೊಡುವವನಾದನು, ಊರಿನ ಕಲ್ಲಿನ ಮೇಲೆ ಎಣಿಕೆಗೆ ಬಂದನು.

ಬೆಳಗಾವಿ ಯಾರದೆಂಬ ತಕರಾರು ನಮ್ಮಲ್ಲಿ ಹಳೆಯದು. ಅದರ ಬಿಸಿ ನಮ್ಮ ಓಣಿಗಳನ್ನೂ ಮುಟ್ಟಿದೆ. ಈ ಶಾಸನಗಳ ಭಾಷೆ ಕನ್ನಡವೆಂಬುದನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಹೇಳಬೇಕಾದುದೇ. ಆದರೆ ಆ ಕನ್ನಡವು ಹೊರಗಿನಿಂದ ಬಂದವರನ್ನೂ ಕರೆದು ಸಭೆಯಲ್ಲಿ ಕೂರಿಸಿತೆಂಬುದನ್ನು ಬಿಟ್ಟು ಓದಿದರೆ ಕಲ್ಲನ್ನು ಅರ್ಧ ಓದಿದಂತೆ. 2021ರ ಜನಗಣತಿಯ ಪ್ರಕಾರ ಲಂಡನ್ನಿನ ನೂರು ಜನರಲ್ಲಿ 40 ಮಂದಿ ಬ್ರಿಟನ್ನಿನ ಹೊರಗೆ ಹುಟ್ಟಿದವರು. ದೊಡ್ಡ ಊರೆಂಬುದು ಪರಸ್ಥಳದವರ ಮೊದಲ ದಿನಗಳನ್ನು ಕೂಡಿಸಿ ಕಟ್ಟಿದ್ದೇ ಇರಬೇಕು.

ಮಧ್ಯಾಹ್ನ ಕೆಂಪು ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ವಾಟರ್ಲೂ ಸೇತುವೆಯನ್ನು ದಾಟಿದೆವು. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದ ನಗದು ಹಣ ನಡೆಯುವುದಿಲ್ಲ. ಕಾರ್ಡನ್ನು ಮುಟ್ಟಿಸಿದರೆ 'ಟಿಕ್' ಎಂಬ ಸದ್ದು. ಅದೇ ನಾವು ಕೊಟ್ಟ ಸುಂಕ. ಇಳಿದ ಮೇಲೆ ನದಿಯ ದಂಡೆ ಹಿಡಿದು ವೆಸ್ಟ್‌ಮಿನ್ಸ್ಟರ್ ಸೇತುವೆಯ ಕಡೆಗೆ ನಡೆದೆವು. ಸೇತುವೆಯ ಆಚೆ, ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ, ಉದ್ದನೆಯ ಗೋಡೆಯೊಂದು ಎದುರಾಯಿತು. ಗೋಡೆಯ ತುಂಬ ಅಂಗೈಯಗಲದ ಕೆಂಪು ಹೃದಯದ ಚಿತ್ರಗಳು. ಒಂದಲ್ಲ, ಸಾವಿರವಲ್ಲ, ಎರಡು ಲಕ್ಷಕ್ಕೂ ಮಿಕ್ಕಿ. ಕೊರೋನಾ ರೋಗದಿಂದ ತೀರಿಹೋದ ಒಬ್ಬೊಬ್ಬರಿಗೆ ಒಂದೊಂದರಂತೆ, ಅವರನ್ನು ಕಳೆದುಕೊಂಡವರು 2021ರ ಮಾರ್ಚಿನಲ್ಲಿ ಬರೆಯತೊಡಗಿದ ಗೋಡೆಯದು. ನದಿಯ ಆಚೆ ದಡದಲ್ಲಿ, ನೇರ ಎದುರಿಗೆ, ಪಾರ್ಲಿಮೆಂಟು.

ನನ್ನಾಕೆ ನಿಂತುಬಿಟ್ಟಳು.

2021ರ ಮೇ ತಿಂಗಳಲ್ಲಿ ಅವಳ ಅಣ್ಣ ಅದೇ ರೋಗಕ್ಕೆ ತುತ್ತಾದನು. ಅವನನ್ನು ಸುಟ್ಟದ್ದು ಸದಾಶಿವನಗರದ ಸ್ಮಶಾನದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ಅವಳು ಹೋಗುವಂತಿರಲಿಲ್ಲ. ಆ ದಿನಗಳಲ್ಲಿ ನಮ್ಮ ರಸ್ತೆಯಲ್ಲಿ ಹಾದುಹೋದ ಆಂಬುಲೆನ್ಸುಗಳನ್ನು ಅವಳು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು. ಅಣ್ಣನಿದ್ದ ಗಾಡಿ ಯಾವುದೆಂದು ತಿಳಿಯಲಿಲ್ಲ. ಮೂರು ವರ್ಷ ಅದರ ಮಾತನ್ನು ಅವಳು ಎತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೆಲವು ಚಿತ್ರಗಳೊಳಗೆ ಹೆಸರುಗಳಿದ್ದವು: ಅಜ್ಜ, ತಾಯಿ, ದಾದಿ, ಬಸ್ಸಿನ ಚಾಲಕ. ಕೆಲವು ಬರಿದಾಗಿದ್ದವು. ಬಿಸಿಲಿಗೂ ಮಳೆಗೂ ಬಣ್ಣ ಮಾಸುವುದರಿಂದ ಸ್ವಯಂಸೇವಕರು ಶುಕ್ರವಾರಗಳಂದು ಬಂದು ಮರಳಿ ಬಳಿಯುತ್ತಾರೆ. ವೃದ್ಧೆಯೊಬ್ಬಳು ಸಣ್ಣ ಕುಂಚ ಹಿಡಿದು, ಕುಳಿತಲ್ಲಿಯೇ ಆ ಕೆಲಸದಲ್ಲಿ ತೊಡಗಿದ್ದಳು. ನನ್ನಾಕೆ ಗೋಡೆಯ ಹತ್ತಿರ ಸರಿದಳು. ಆ ವೃದ್ಧೆ ಒಮ್ಮೆ ಮೇಲೆ ನೋಡಿ, ಏನನ್ನೂ ಕೇಳದೆ, ತನ್ನ ಬಣ್ಣದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು. ಹೆಸರಿಲ್ಲದ ಒಂದು ಹೃದಯದ ಮೇಲೆ ನನ್ನಾಕೆ ಅಂಗೈಯೂರಿದಳು.

"ಇದರಾಗ ಯಾರ ಹೆಸರೂ ಇಲ್ಲ ನೋಡ್ರಿ," ಎಂದಳು.

ಆಗ ಅತ್ತಳು. ರೈಲಿನಲ್ಲಿ ಮಾತಾಡದ ಆ ಊರಿನ ಜನ ಇಲ್ಲಿಯೂ ಮಾತಾಡಲಿಲ್ಲ. ಹಾದುಹೋಗುವವರು ಹೆಜ್ಜೆಯ ಸದ್ದು ತಗ್ಗಿಸಿ, ಸ್ವಲ್ಪ ಸುತ್ತುಹಾಕಿ ನಡೆದರು. ಬೆಳಿಗ್ಗೆ ನಮಗೆ ಬಿಗುಮಾನವಾಗಿ ಕಂಡ ಅವರ ಮೌನ ಈಗ ಮರ್ಯಾದೆಯಾಗಿ ಕಂಡಿತು. ಬೆಳಗಾವಿಯ ಮನುಷ್ಯನೊಬ್ಬನಿಗಾಗಿ ಈ ಪರದೇಶದ ಊರು ಅಂಗೈಯಗಲ ಗೋಡೆಯನ್ನು, ಕೇಳದೆಯೇ, ಬಿಟ್ಟುಕೊಟ್ಟಿತ್ತು.

ಲ್ಯಾಂಬೆತ್ ಸೇತುವೆಯನ್ನು ಬಲಕ್ಕೆ ಬಿಟ್ಟು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ ನಡೆದರೆ ಬಸವಣ್ಣನವರು ಸಿಗುತ್ತಾರೆ. ಕಲಬುರ್ಗಿಯ ಕಡೆಯವರಾದ, ಲ್ಯಾಂಬೆತ್ತಿನ ಮೇಯರರಾಗಿದ್ದ ಡಾ. ನೀರಜ ಪಾಟೀಲರ ಪ್ರಯತ್ನದಿಂದ ನಿಂತ ಈ ಎದೆಮಟ್ಟದ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಹೊರಗಿನಿಂದ ಬಂದವರು ಸುಂಕ ತೆತ್ತು ಊರಿನ ಕಲ್ಲಿನ ಮೇಲೆ ಎಣಿಕೆಗೆ ಬರುವ ಪದ್ಧತಿ ವೇಣುಗ್ರಾಮದೊಂದಿಗೆ ಮುಗಿದಿಲ್ಲವಲ್ಲ ಎನಿಸಿತು. ನನ್ನಾಕೆ ಕೈಮುಗಿದು, ಹತ್ತಿರದ ಬೆಂಚಿನ ಮೇಲೆ ಕುಳಿತು, ಸದಾಶಿವನಗರದಿಂದ ಕಟ್ಟಿ ತಂದಿದ್ದ ಕುಂದಾದ ಪೊಟ್ಟಣ ಬಿಚ್ಚಿದಳು. ಅಣ್ಣನಿಗೆ ಕುಂದಾ ಬಹಳ ಸೇರುತ್ತಿತ್ತೆಂದು, ಮೂರು ವರ್ಷಗಳಲ್ಲಿ ಮೊದಲ ಸಲ, ತಾನಾಗಿಯೇ ಅವನ ಮಾತು ತೆಗೆದಳು. ಅವನ ಬಾಲ್ಯದ ಕಥೆ ಮುಗಿಯುವ ಹೊತ್ತಿಗೆ ಸಂಜೆ ಏಳು ಗಂಟೆ; ಬಿಸಿಲು ಇನ್ನೂ ಇಳಿದಿರಲಿಲ್ಲ.

ಮನೆಗೆ ಮರಳುವಾಗ ಗ್ರೀನ್ ಪಾರ್ಕ್ ನಿಲ್ದಾಣದಲ್ಲಿ ಗಾಡಿ ಬದಲಿಸಬೇಕಾಯಿತು. ಚಲಿಸುವ ಮೆಟ್ಟಿಲ ಬಾಯಲ್ಲಿ, ಯಾವ ದೇಶದವರೋ, ದೊಡ್ಡ ಪೆಟ್ಟಿಗೆ ಹಿಡಿದ ದಂಪತಿಗಳಿಬ್ಬರು ದಾರಿಗಡ್ಡವಾಗಿ ಗಾಬರಿಯಿಂದ ನಿಂತಿದ್ದರು. ನನ್ನಾಕೆ ಮುಂದೆ ಹೋಗಿ ಆ ಹೆಂಗಸಿನ ತೋಳು ಹಿಡಿದು ಬಲಕ್ಕೆ ಸರಿಸಿ, ಕನ್ನಡದಲ್ಲಿಯೇ, "ಈ ಕಡೆ ನಿಂದರ್ರಿ, ಆ ಕಡೆ ಅವಸರದವರಿಗೆ ಬಿಡ್ರಿ" ಎಂದಳು. ಅವಳಿಗೆ ಅರ್ಥವಾಯಿತು. ನಾವು ಲಂಡನ್ನಿಗೆ ಬಂದು ಆಗ ಒಂದು ದಿನವೂ ಪೂರ್ತಿಯಾಗಿರಲಿಲ್ಲ.