ಛಲವೋ, ಮುನಿಸೋ?
ಗ್ರೀನ್ ಬೇ ಪಟ್ಟಣದ ಒಂದು ಮುಗಿಯದ ವಾದ

ಪರರ ಮನಸ್ಸನ್ನು ಅರಿಯುವುದು ಕಷ್ಟವೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಪರರ ಮನಸ್ಸಿನ ವಿಚಾರದಲ್ಲಿ ತೀರ್ಪು ಕೊಡಲು ನಮಗೆ ಎಂದೂ ಆಲಸ್ಯವಿಲ್ಲ. ಜಗಲಿಯ ಮೇಲೆ ನಾಲ್ವರು ಸೇರಿದರೆ, ಊರಿನಲ್ಲಿ ಹೆಸರಾದವರ ಗುಣದೋಷಗಳ ವಿಚಾರಣೆ ನಡೆಯದೆ ಸಭೆ ಮುಗಿಯುವುದಿಲ್ಲ. ಈ ಅಭ್ಯಾಸವು ನಮ್ಮ ದೇಶಕ್ಕೆ ಮಾತ್ರ ಸೇರಿದುದೆಂದು ವಾಚಕರು ತಿಳಿಯಬೇಕಾಗಿಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ವಿಸ್ಕಾನ್ಸಿನ್ ಎಂಬ ಪ್ರಾಂತವುಂಟು. ಅಲ್ಲಿ ಮಿಷಿಗನ್ ಸರೋವರದ ಒಂದು ಕೊಲ್ಲಿಯ ದಡದಲ್ಲಿ ಗ್ರೀನ್ ಬೇ ಎಂಬ ಪಟ್ಟಣವುಂಟು. ಆ ಪಟ್ಟಣದವರು ಹದಿನೆಂಟು ವರ್ಷಗಳ ಕಾಲ ಒಬ್ಬನೇ ಆಟಗಾರನ ಸ್ವಭಾವವನ್ನು ಕುರಿತು ವಾದಿಸಿದರು. 2023ರಲ್ಲಿ ಆತನು ಊರನ್ನು ಬಿಟ್ಟು ಹೋದನು. ವಾದವು ಮಾತ್ರ ಹೋಗಲಿಲ್ಲ. ಆತನ ಹೆಸರು ಆರನ್ ರಾಜರ್ಸ್.

ಈ ವಾದಕ್ಕೆ ಅಷ್ಟು ಕಾವು ಏಕೆ ಬಂದಿತೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಊರಿನ ವಿಶೇಷವನ್ನು ಹೇಳಬೇಕು. ಅಮೇರಿಕದ ಮಹಾಕೂಟದಲ್ಲಿ ಆಡುವ ಇತರ ಫುಟ್‌ಬಾಲ್ ತಂಡಗಳು ಧನಿಕರ ಸ್ವತ್ತು. ಗ್ರೀನ್ ಬೇ ತಂಡವೊಂದು ಹಾಗಲ್ಲ. 1919ರಲ್ಲಿ ಅದು ಹುಟ್ಟಿದಾಗ, ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಒಂದು ಕಂಪೆನಿಯವರು ಆಟಗಾರರ ಉಡುಪಿಗಾಗಿ ಹಣ ಕೊಟ್ಟರು. ‘ಪ್ಯಾಕರ್ಸ್’ ಎಂಬ ಹೆಸರು ಬಂದುದು ಅದರಿಂದ. 1923ರಿಂದ ಈಚೆಗೆ ಅದು ಸಾಮಾನ್ಯ ಜನರು ಷೇರು ಕೊಂಡು ಉಳಿಸಿಕೊಂಡು ಬಂದಿರುವ ಲಾಭರಹಿತ ಸಂಸ್ಥೆಯಾಗಿದೆ. ಪಟ್ಟಣದ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 1,07,000. ಷೇರುದಾರರಾದರೋ 5,00,000ಕ್ಕೂ ಹೆಚ್ಚು. ಆ ಷೇರಿಗೆ ಲಾಭಾಂಶ ಬರುವುದಿಲ್ಲ. ಪೇಟೆಯಲ್ಲಿ ಅದನ್ನು ಮಾರುವಂತೆಯೂ ಇಲ್ಲ. ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿ, ಕಾಲಾನಂತರ ಮಕ್ಕಳಿಗೆ ಬಿಟ್ಟು ಹೋಗಬಹುದು, ಅಷ್ಟೆ. ವರ್ಷದ ಟಿಕೀಟಿಗಾಗಿ ಕಾದಿರುವವರ ಪಟ್ಟಿಯಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಹೆಸರುಗಳಿವೆ. ಇಂಥ ಊರಿನಲ್ಲಿ ತಂಡದ ನಾಯಕನು ಬರಿಯ ಸಂಬಳದ ಆಳಲ್ಲ, ಎಲ್ಲರ ಮನೆಯ ಹಿರಿಯ ಮಗನಿದ್ದಂತೆ. ಹಿರಿಯ ಮಗನ ನಡತೆಯ ಮೇಲೆ ಮನೆಯವರೆಲ್ಲರ ಕಣ್ಣಿರುವುದು ಸಹಜವಷ್ಟೆ.

ಆ ಆಟದ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳುವೆವು. ಅಮೇರಿಕದವರು ಫುಟ್‌ಬಾಲ್ ಎನ್ನುವುದು ಕಾಲಿನಿಂದ ಒದೆಯುವ ನಮ್ಮ ಪರಿಚಯದ ಆಟವಲ್ಲ. ಕಡೆಗೆ ಹನ್ನೊಂದು ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ, ಮುಂದಕ್ಕೆ ಎಸೆದೋ ಎದುರಾಳಿಗಳ ಗಡಿಯನ್ನು ದಾಟಿಸಬೇಕು. ಬಹುಮಟ್ಟಿಗೆ ಪ್ರತಿಯೊಂದು ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬಾತನ ಕೈಗೆ. ಎದುರಿನ ದೈತ್ಯಕಾಯರು ಆತನನ್ನು ಕೆಡಹಲು ನುಗ್ಗುತ್ತಿರುವಾಗ, ಎರಡು ಮೂರು ಸೆಕೆಂಡುಗಳೊಳಗಾಗಿ ಯಾರಿಗೆ ಎಸೆಯಬೇಕೆಂಬುದನ್ನು ಆತನು ನಿರ್ಧರಿಸಬೇಕು. ಆತನ ಮುಂದೆ ಐವರು ಗೋಡೆಯಂತೆ ನಿಂತು ಕಾಯುವರು. ಅವರ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಗೆದ್ದರೆ ಕೀರ್ತಿಯೂ ಸೋತರೆ ಅಪಕೀರ್ತಿಯೂ ಕ್ವಾರ್ಟರ್‌ಬ್ಯಾಕಿನದೇ.

ರಾಜರ್ಸ್ ಹುಟ್ಟಿದುದು 1983ರ ಡಿಸೆಂಬರ್ 2ರಂದು, ಕ್ಯಾಲಿಫೋರ್ನಿಯಾ ಪ್ರಾಂತದ ಚೀಕೋ ಎಂಬ ಊರಿನಲ್ಲಿ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡಿದರೂ ಯಾವ ದೊಡ್ಡ ವಿಶ್ವವಿದ್ಯಾನಿಲಯವೂ ಆತನನ್ನು ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. ಹತ್ತಿರದ ಬ್ಯೂಟ್ ಕಾಲೇಜೆಂಬ ಸಣ್ಣ ವಿದ್ಯಾಸಂಸ್ಥೆಯಲ್ಲಿ ಒಂದು ವರ್ಷ ಆಡಿದನು. ಅಲ್ಲಿಂದ ಬರ್ಕಲಿಯ ವಿಶ್ವವಿದ್ಯಾನಿಲಯಕ್ಕೆ ಹೋಗಿ ಹೆಸರು ಪಡೆದನು. 2005ರ ಏಪ್ರಿಲ್‌ನಲ್ಲಿ, ದೊಡ್ಡ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ, ಮೊದಲನೆಯ ಆಯ್ಕೆ ತಾನೇ ಆಗಬಹುದೆಂಬ ನಿರೀಕ್ಷೆಯಿಂದ ನ್ಯೂಯಾರ್ಕಿನ ಸಭಾಂಗಣದಲ್ಲಿ ಕುಳಿತನು. ಆತನು ಬಾಲ್ಯದಿಂದ ಮೆಚ್ಚಿದ್ದ ಸ್ಯಾನ್ ಫ್ರಾನ್ಸಿಸ್ಕೋ ತಂಡದವರು ಬೇರೊಬ್ಬನನ್ನು ಆರಿಸಿದರು. ಒಬ್ಬೊಬ್ಬರಾಗಿ ಇಪ್ಪತ್ತಮೂರು ಮಂದಿಯ ಹೆಸರುಗಳನ್ನು ಕೂಗಿದರು. ನಾಲ್ಕು ಘಂಟೆಗಳಿಗೂ ಮೇಲ್ಪಟ್ಟು ಆ ಯುವಕನು ದೂರದರ್ಶನದ ಕ್ಯಾಮರಾದ ಮುಂದೆ ಮುಖವನ್ನು ಬಿಗಿಹಿಡಿದು ಕುಳಿತಿರಬೇಕಾಯಿತು. ಇಪ್ಪತ್ತನಾಲ್ಕನೆಯವನಾಗಿ ಗ್ರೀನ್ ಬೇ ಆತನನ್ನು ಕರೆಯಿತು. ಆ ದಿನ ಪತ್ರಕರ್ತನೊಬ್ಬನು ಎಷ್ಟು ನಿರಾಶೆಯಾಯಿತೆಂದು ಕೇಳಲು, ನನ್ನನ್ನು ಬಿಟ್ಟುದಕ್ಕಾಗಿ ಆ ತಂಡದವರಿಗಾಗುವ ನಿರಾಶೆಯಷ್ಟು ಅಲ್ಲವೆಂಬ ಅರ್ಥದ ಉತ್ತರ ಕೊಟ್ಟನು.

ವಾದದ ಬೀಜ ಇಲ್ಲಿದೆ. ಈ ಉತ್ತರವನ್ನು ಒಂದು ಪಕ್ಷದವರು ಛಲವೆನ್ನುವರು: ತಿರಸ್ಕಾರವನ್ನೇ ಉರುವಲಾಗಿ ಮಾಡಿಕೊಂಡು ಬೆಳಗಿದ ವೀರನೆಂದು ಹೊಗಳುವರು. ಇನ್ನೊಂದು ಪಕ್ಷದವರು ಇದನ್ನೇ ಮುನಿಸೆನ್ನುವರು: ಎಂದೋ ಆದ ಅವಮಾನವನ್ನು ಮರೆಯದವನು ನಾಳೆ ತನ್ನವರ ಮೇಲೂ ಹಗೆ ಸಾಧಿಸಬಹುದೆಂದು ತಲೆಯಾಡಿಸುವರು. ನಮ್ಮ ಹಳೆಯ ಕವಿಗಳು ದುರ್ಯೋಧನನ ಛಲವನ್ನು ಕೊಂಡಾಡಿದುದೂ ಉಂಟು, ಅದೇ ಛಲವು ಆತನ ಕುಲವನ್ನು ಕೆಡಿಸಿದುದನ್ನು ಹೇಳಿದುದೂ ಉಂಟು. ಗುಣವೊಂದೇ, ಹೆಸರು ಮಾತ್ರ ಫಲವನ್ನು ನೋಡಿ ಇಟ್ಟುದು.

ಗ್ರೀನ್ ಬೇಯಲ್ಲಿ ಆಗ ಬ್ರೆಟ್ ಫಾರ್ವ್ ಎಂಬ ಜನಪ್ರಿಯ ಕ್ವಾರ್ಟರ್‌ಬ್ಯಾಕ್ ಇದ್ದನು. ಹುಡುಗಾಟದ ಉತ್ಸಾಹದಿಂದ ಆಡುತ್ತಿದ್ದ ಆತನಿಗೆ ಊರೇ ಮಾರುಹೋಗಿದ್ದಿತು. ಹೊಸಬನನ್ನು ತಯಾರು ಮಾಡುವುದು ತನ್ನ ಕರಾರಿನಲ್ಲಿ ಬರೆದಿಲ್ಲವೆಂದು ಫಾರ್ವ್ ಬಹಿರಂಗವಾಗಿಯೇ ಹೇಳಿದನು. ರಾಜರ್ಸ್ ಮೂರು ವರ್ಷ ಬೆಂಚಿನ ಮೇಲೆ ಕಾದನು. 2008ರಲ್ಲಿ ಫಾರ್ವ್ ನಿವೃತ್ತನಾದೆನೆಂದು ಹೇಳಿ, ಮರಳಿ ಬರುವೆನೆಂದಾಗ, ತಂಡದವರು ಆತನನ್ನು ನ್ಯೂಯಾರ್ಕಿಗೆ ಕಳುಹಿಸಿ ರಾಜರ್ಸನಿಗೆ ಸ್ಥಾನ ಕೊಟ್ಟರು. ಆ ಬೇಸಗೆಯಲ್ಲಿ ಸ್ವಂತ ಊರಿನ ಕೆಲವು ಅಭಿಮಾನಿಗಳೇ ಆತನನ್ನು ಮೂದಲಿಸಿದರು. ಮೊದಲನೆಯ ವರ್ಷ 6 ಪಂದ್ಯಗಳಲ್ಲಿ ಗೆಲವು, 10ರಲ್ಲಿ ಸೋಲು.

ಅನಂತರ ಭಾಗ್ಯದ ಬಾಗಿಲು ತೆರೆಯಿತು. 2011ರ ಫೆಬ್ರವರಿ 6ರಂದು ಗ್ರೀನ್ ಬೇ ತಂಡವು ಪಿಟ್ಸ್‌ಬರ್ಗ್ ತಂಡವನ್ನು 31–25ರಿಂದ ಸೋಲಿಸಿ ಸೂಪರ್ ಬೌಲ್ ಎಂಬ ಮಹಾಪಂದ್ಯವನ್ನು ಗೆದ್ದಿತು. ಆ ದಿನದ ಶ್ರೇಷ್ಠ ಆಟಗಾರನು ರಾಜರ್ಸನೇ. 2011, 2014, 2020 ಮತ್ತು 2021ನೆಯ ಇಸವಿಗಳ ಆಟಕ್ಕಾಗಿ ವರ್ಷದ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಯು ನಾಲ್ಕು ಸಲ ಆತನಿಗೆ ಬಂದಿತು. 2014ರಲ್ಲಿ ಮೊದಲ ಮೂರು ಪಂದ್ಯಗಳಲ್ಲಿ ಎರಡು ಸೋತಾಗ, ಸಮಾಧಾನವಾಗಿರಿ ಎಂಬ ಅರ್ಥದ ಒಂದೇ ಪದವನ್ನು ಅಕ್ಷರಕ್ಷರವಾಗಿ ಉಚ್ಚರಿಸಿ ಊರನ್ನು ಸಂತೈಸಿದನು; ಆ ವರ್ಷ ತಂಡವು 16ರಲ್ಲಿ 12 ಪಂದ್ಯಗಳನ್ನು ಗೆದ್ದಿತು. ಗೆದ್ದಾಗ ಅದನ್ನು ಎಲ್ಲರೂ ಧೈರ್ಯವೆಂದರು. ಸೋತಿದ್ದರೆ ಅದಕ್ಕೆ ಅಹಂಕಾರವೆಂಬ ಹೆಸರು ಬರುತ್ತಿದ್ದಿತೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಹೀಗೆನ್ನಲು ಕಾರಣವುಂಟು. ಎರಡನೆಯ ಸೂಪರ್ ಬೌಲ್ ಆತನಿಗೆ ಗ್ರೀನ್ ಬೇಯಲ್ಲಿ ಒಲಿಯಲಿಲ್ಲ. 2015, 2017, 2020 ಮತ್ತು 2021ರ ಜನವರಿಗಳಲ್ಲಿ ಮಹಾಪಂದ್ಯದ ಹೊಸ್ತಿಲಿನವರೆಗೆ ಹೋಗಿ ತಂಡವು ಹಿಂದಿರುಗಿತು. 2018ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಆ ವರ್ಷ ಆತನು ಎಸೆದ ಚೆಂಡುಗಳಲ್ಲಿ ಎದುರಾಳಿಗಳ ಕೈಗೆ ಸಿಕ್ಕಿದುವು ಎರಡೇ ಎರಡು; ಇಂಥ ನಿಷ್ಕೃಷ್ಟತೆಯು ಬಹು ಅಪೂರ್ವ. ಆದರೂ ತಂಡವು ಗೆದ್ದುದು 6, ಸೋತುದು 9, ಸಮವಾದುದು 1. ಆಗ ಜನರು, ಈತನಿಗೆ ತಂಡದ ಗೆಲವಿಗಿಂತ ತನ್ನ ಲೆಕ್ಕದ ಪುಸ್ತಕ ಶುಭ್ರವಾಗಿರುವುದೇ ಮುಖ್ಯವೆಂದರು. ಚೆಂಡನ್ನು ಜೋಪಾನ ಮಾಡುವವನು ತಂಡವನ್ನೇ ಜೋಪಾನ ಮಾಡುತ್ತಾನೆಂದು ಇತರರು ಉತ್ತರವಿತ್ತರು. ಅಂಕಿಗಳು ಇಬ್ಬರ ಕಡೆಗೂ ಸಾಕ್ಷಿ ನುಡಿದುವು.

ಜೊತೆಯಲ್ಲಿ ಆಡಿದವರನ್ನು ಕೇಳಿದರೆ ನಿಜ ತಿಳಿಯಬಹುದಲ್ಲವೆ ಎಂದು ವಾಚಕರು ಕೇಳಬಹುದು. ಅವರಲ್ಲಿಯೂ ಏಕಾಭಿಪ್ರಾಯವಿಲ್ಲ. ಹಿಂದೆ ಆತನ ಎಸೆತಗಳನ್ನು ಹಿಡಿಯುತ್ತಿದ್ದ ಗ್ರೆಗ್ ಜೆನ್ನಿಂಗ್ಸ್ ಮತ್ತು ಜರ್ಮೈಕಲ್ ಫಿನ್ಲಿ ಎಂಬವರು ಆತನ ನಾಯಕತ್ವವನ್ನು ಬಹಿರಂಗವಾಗಿ ಟೀಕಿಸಿದ್ದಾರೆ. ಅದೇ ಕೆಲಸ ಮಾಡುತ್ತಿದ್ದ ರಾಂಡಲ್ ಕಾಬ್ ಎಂಬಾತನಾದರೋ, ರಾಜರ್ಸ್ 2023ರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಹೋದಾಗ ತಾನೂ ಅಲ್ಲಿಗೆ ಹೋದನು. ದವಾಂಟೆ ಆಡಮ್ಸ್ ಎಂಬ ಪ್ರಖ್ಯಾತ ಆಟಗಾರನು 2022ರಲ್ಲಿ ಆತನನ್ನು ಬಿಟ್ಟು ಬೇರೆ ತಂಡಕ್ಕೆ ಹೋಗಿದ್ದರೂ, 2024ರಲ್ಲಿ ಪುನಃ ಆತನ ಜೊತೆ ಸೇರಿದನು. ಒಂದೇ ಮನೆಯಲ್ಲಿ ಉಂಡ ಅಣ್ಣತಮ್ಮಂದಿರು ತಂದೆಯ ಸ್ವಭಾವವನ್ನು ಬೇರೆ ಬೇರೆಯಾಗಿ ಹೇಳುವುದಿಲ್ಲವೆ? ಒಬ್ಬನಿಗೆ ಗದರಿಕೆ ನೆನಪಾದರೆ ಮತ್ತೊಬ್ಬನಿಗೆ ಹೆಗಲ ಮೇಲಿನ ಸವಾರಿ ನೆನಪಾಗುವುದು. ಇಬ್ಬರೂ ಸುಳ್ಳಾಡುತ್ತಿಲ್ಲ.

2020ರಲ್ಲಿ ತಂಡದವರು ಆತನಿಗೆ ಮೊದಲು ತಿಳಿಸದೆ, ಮುಂದೆ ಆತನ ಸ್ಥಾನಕ್ಕೆ ಬರಬಹುದಾದ ಜೋರ್ಡನ್ ಲವ್ ಎಂಬ ತರುಣನನ್ನು ಆರಿಸಿದರು. ಮರುವರ್ಷದ ಬೇಸಗೆಯಲ್ಲಿ ರಾಜರ್ಸ್ ತನ್ನ ಅಸಮಾಧಾನವನ್ನು ಪತ್ರಕರ್ತರ ಮುಂದೆ ವಿವರವಾಗಿ ಹೇಳಿದನು. ತಂಡದ ವಿಚಾರಗಳಲ್ಲಿ ತನ್ನನ್ನು ಕೇಳುವುದಿಲ್ಲವೆಂದೂ, ಬಹುಕಾಲ ದುಡಿದ ಹಿರಿಯ ಆಟಗಾರರನ್ನು ತಕ್ಕ ಗೌರವವಿಲ್ಲದೆ ಕಳುಹಿಸಿಬಿಟ್ಟರೆಂದೂ ದೂರಿ, ಅಂಥವರ ಹೆಸರುಗಳನ್ನು ಒಂದೊಂದಾಗಿ ಎಣಿಸಿದನು. ದುಡಿದು ಹಾಕುವ ಮಗನು, ಮನೆಯ ವ್ಯವಹಾರದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲವೆ ಎಂದು ಕೇಳುವ ಪ್ರಶ್ನೆಯಿದು. ಇದನ್ನು ಕೇಳಿ ಕೆಲವರು ಸಂಗಡಿಗರ ಮೇಲಿನ ಪ್ರೀತಿಯೆಂದರು. ಕೆಲವರು ಯಜಮಾನಿಕೆಯ ಆಸೆಯೆಂದರು. ಎರಡೂ ಒಂದೇ ಎದೆಯಲ್ಲಿರಬಾರದೆಂಬ ನಿಯಮವಿಲ್ಲವೆಂಬುದು ಯಾರ ನೆನಪಿಗೂ ಬಂದಂತೆ ಕಾಣಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲವೆಂದು ನಮ್ಮಲ್ಲಿ ಗಾದೆಯಿದೆ. ತಾನು ಸೊಸೆಯಾಗಿದ್ದಾಗ ಪಟ್ಟುದನ್ನು ಅತ್ತೆಯಾದ ಮೇಲೆ ತೀರಿಸಿಕೊಳ್ಳುವವರು ಬಹಳ. ಫಾರ್ವ್‌ನಿಂದ ಆದರ ಕಾಣದ ರಾಜರ್ಸ್, ಲವ್‌ನನ್ನು ಹೇಗೆ ನಡೆಸಿಕೊಳ್ಳುವನೆಂದು ಊರೆಲ್ಲ ಕುತೂಹಲದಿಂದ ನೋಡುತ್ತಿದ್ದಿತು. ಆತನ ಜಗಳವು ತಂಡದ ಅಧಿಕಾರಿಗಳೊಡನೆ ನಡೆಯಿತೇ ಹೊರತು ಆ ಹುಡುಗನೊಡನೆ ನಡೆಯಲಿಲ್ಲ. ಮೂರು ವರ್ಷ ಕಾದು 2023ರಲ್ಲಿ ಆ ಸ್ಥಾನಕ್ಕೆ ಬಂದ ಲವ್, ರಾಜರ್ಸನಿಂದ ಕಲಿತೆನೆಂದು ಕೃತಜ್ಞತೆಯಿಂದಲೇ ಹೇಳಿದ್ದಾನೆ. ಮುನಿಸಿನ ಪಕ್ಷದವರು ಈ ಒಂದು ಸಂಗತಿಯನ್ನು ತಮ್ಮ ವಾದದಲ್ಲಿ ಸೇರಿಸುವುದು ಕಡಿಮೆ.

ಅಂತೆಯೆ ಛಲದ ಪಕ್ಷದವರು ಮರೆಯಲು ಬಯಸುವ ಸಂಗತಿಯೂ ಒಂದುಂಟು. ಕೋವಿಡ್ ಪಿಡುಗಿನ ಕಾಲದಲ್ಲಿ, 2021ರ ಆಗಸ್ಟ್‌ನಲ್ಲಿ, ಲಸಿಕೆ ಹಾಕಿಸಿಕೊಂಡೆಯಾ ಎಂದು ಕೇಳಿದಾಗ, ಹೌದೆಂದು ಕೇಳುವವರು ತಿಳಿಯುವಂಥ ದ್ವಂದ್ವಾರ್ಥದ ಉತ್ತರವನ್ನು ಆತನು ಕೊಟ್ಟನು. ನವಂಬರಿನಲ್ಲಿ ಆತನಿಗೆ ಸೋಂಕು ತಗಲಿ, ಲಸಿಕೆ ಹಾಕಿಸಿಕೊಂಡಿರಲಿಲ್ಲವೆಂಬುದು ಬಯಲಾಯಿತು. ಆತನಿಲ್ಲದೆ ಆಡಿದ ತಂಡವು ಕ್ಯಾನ್ಸಾಸ್ ಸಿಟಿಯಲ್ಲಿ 7–13ರಿಂದ ಸೋತಿತು. ನಿಯಮಗಳನ್ನು ಮೀರಿದುದಕ್ಕಾಗಿ ಆತನಿಗೆ 14,650 ಡಾಲರ್ ದಂಡವಾಯಿತು. ತನ್ನ ಮಾತು ತಪ್ಪುತಿಳಿವಳಿಕೆಗೆ ಎಡೆಗೊಟ್ಟಿತೆಂದು ಆತನೇ ಅನಂತರ ಒಪ್ಪಿಕೊಂಡನು. ಇಲ್ಲಿ ಒಳಮನಸ್ಸಿನ ಶೋಧನೆ ಬೇಕಾಗಿಲ್ಲ. ಆಡಿದ ಮಾತು ಎಲ್ಲರ ಮುಂದಿದೆ. ಅದರ ಮಟ್ಟಿಗೆ ತಪ್ಪನ್ನು ತಪ್ಪೆನ್ನಬಹುದು.

ಆ ಊರಿನ ವೃದ್ಧರು ಇಂಥ ಸಮಯದಲ್ಲಿ ಬಾರ್ಟ್ ಸ್ಟಾರ್‌ನನ್ನು ನೆನೆಯುವುದುಂಟು. 1956ರಲ್ಲಿ 200ನೆಯವನಾಗಿ ಆಯ್ಕೆಯಾದ ಆ ಮಿತಭಾಷಿಯ ಮುಂದಾಳುತನದಲ್ಲಿ ತಂಡವು ಐದು ಸಲ ಮಹಾಕೂಟದ ಪ್ರಶಸ್ತಿಯನ್ನು ಪಡೆಯಿತು. ಉಗ್ರ ಶಿಕ್ಷಕನಾದ ವಿನ್ಸ್ ಲೊಂಬಾರ್ಡಿಯ ಬಳಿಗೆ ಏಕಾಂತದಲ್ಲಿ ಹೋಗಿ, ನನ್ನನ್ನು ಬೈಯಬೇಕಾದರೆ ಇಲ್ಲಿ ಬೈಯಿರಿ, ಸಂಗಡಿಗರ ಮುಂದೆ ಬೈದರೆ ನಾನು ಅವರನ್ನು ನಡೆಸಲಾರೆನೆಂದು ಆತನು ಕೇಳಿಕೊಂಡನೆಂಬುದು ಅಲ್ಲಿ ಪ್ರಸಿದ್ಧವಾದ ಮಾತು. 1967ರ ಡಿಸೆಂಬರ್ 31ರಂದು, ಶೂನ್ಯಕ್ಕಿಂತ ಸುಮಾರು 25 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿ, ಡಲ್ಲಾಸ್ ತಂಡದ ಎದುರು ಕೊನೆಯ ಕ್ಷಣಗಳಲ್ಲಿ ಸ್ಟಾರ್ ತಾನೇ ಚೆಂಡನ್ನು ಹಿಡಿದು ಗಡಿಯನ್ನು ದಾಟಿ 21–17ರಿಂದ ಗೆಲ್ಲಿಸಿದನು. ಆದರೆ ಆತನು ನುಸುಳಿದ ಆ ಬಿರುಕನ್ನು ಮಾಡಿಕೊಟ್ಟವರು ಜೆರ್ರಿ ಕ್ರೇಮರ್ ಮತ್ತು ಕೆನ್ ಬೌಮನ್ ಎಂಬ ಇಬ್ಬರು ಕಾವಲಿನವರು. ಎದುರಾಳಿಯನ್ನು ಹೆಪ್ಪುಗಟ್ಟಿದ ನೆಲದಿಂದ ಅವರು ಹಿಂದಕ್ಕೆ ತಳ್ಳದಿದ್ದರೆ ಸ್ಟಾರ್‌ನ ಧೈರ್ಯಕ್ಕೆ ದಾರಿಯೇ ಇರುತ್ತಿರಲಿಲ್ಲ.

ಅಭಿಮಾನಿಗಳ ವಾದದಲ್ಲಿ ಕಾಣದೆ ಹೋಗುವುದು ಇದೇ ಎಂದು ನಮಗೆ ತೋರುತ್ತದೆ. ಹನ್ನೊಂದು ಮಂದಿಯ ಬಲಾಬಲ, ಶಿಕ್ಷಕರ ಜಾಣ್ಮೆ, ಕಾಲದ ಅನುಕೂಲ ಇವೆಲ್ಲದರಿಂದ ಆದ ಫಲವನ್ನು ಒಬ್ಬನ ಗುಣವೆಂದು ಎಣಿಸಿ, ಆ ಬಳಿಕ ಆ ಗುಣವನ್ನು ಹುಡುಕಲು ಹೊರಡುತ್ತೇವೆ. ಗೆದ್ದ ದಿನ ಕಂಡುದು ಸ್ಥೈರ್ಯ, ಸೋತ ದಿನ ಕಂಡುದು ಗರ್ವ. ಮನುಷ್ಯನು ಮಾತ್ರ ಅವನೇ. 2023ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಪರವಾಗಿ ಮೊದಲನೆಯ ಸಲ ಕಣಕ್ಕಿಳಿದ ರಾಜರ್ಸ್, ನಾಲ್ಕನೆಯ ಸರದಿಯಲ್ಲೇ ಹಿಮ್ಮಡಿಯ ನರ ಹರಿದು ಬಿದ್ದನು. ವಯಸ್ಸು ನಾಲ್ವತ್ತಕ್ಕೆ ಹತ್ತಿರವಾಗಿದ್ದರೂ ಮರುವರ್ಷ ಪುನಃ ಕಣಕ್ಕೆ ಬಂದನು. 2025ರಲ್ಲಿ ಪಿಟ್ಸ್‌ಬರ್ಗ್ ತಂಡವನ್ನು ಸೇರಿದನು. ಇದು ಆಟದ ಮೇಲಿನ ಪ್ರೇಮವೋ, ಹಳೆಯ ಅವಮಾನದ ಉರಿಯೋ, ಆತನಿಗಾದರೂ ಪೂರ್ತಿಯಾಗಿ ಗೊತ್ತಿದೆಯೆಂದು ಹೇಗೆ ಹೇಳುವುದು? ನಾವು ಬೆಳಗಿನಲ್ಲಿ ಎದ್ದು ನಮ್ಮ ಕೆಲಸಕ್ಕೆ ಹೋಗುವುದು ಕರ್ತವ್ಯದಿಂದಲೋ, ಅಭ್ಯಾಸದಿಂದಲೋ, ನೆರೆಯವರ ಮೇಲಿನ ಹುರುಡಿನಿಂದಲೋ ಎಂದು ನಮ್ಮನ್ನೇ ಕೇಳಿದರೆ ಥಟ್ಟನೆ ಉತ್ತರ ಬರಲಾರದು.

ಗ್ರೀನ್ ಬೇಯ ಮನೆಗಳಲ್ಲಿ ಈ ವಾದವು ಇನ್ನೂ ಬಹುಕಾಲ ನಡೆಯುವುದು, ನಡೆಯಲಿ. ಪ್ರೀತಿಯಿಲ್ಲದ ಕಡೆ ಇಷ್ಟು ದೀರ್ಘವಾದ ಜಗಳವು ಇರುವುದಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಮಗನ ಮೇಲೋ ಸೊಸೆಯ ಮೇಲೋ ತಮ್ಮನ ಮೇಲೋ ಇಂಥ ವಿಚಾರಣೆಗೆ ಕುಳಿತಾಗ ಒಂದನ್ನು ನೆನೆದರೆ ಸಾಕು. ಮಾಡಿದ ಕೆಲಸವನ್ನು ತೂಗಲು ನಮಗೆ ಅಧಿಕಾರವುಂಟು, ತಕ್ಕಡಿಯೂ ಉಂಟು. ಎದೆಯೊಳಗಿನ ಕಾರಣವನ್ನು ತೂಗುವ ತಕ್ಕಡಿಯನ್ನು ಇದುವರೆಗೆ ಯಾರೂ ಮಾಡಿಲ್ಲ.